ಸ್ವಂತ ವೈರಿಂಗ್ ಗುತ್ತಿಗೆ ಶುರು ಮಾಡಿದ್ದೇನೆ, ಪಾಯಿಂಟಿಗೆ ಎಷ್ಟು ಹೇಳಬೇಕು?

ಕಾರಟಗಿ ವೈರ್‌ಮನ್

ಎಲ್ಲರಿಗೂ ನಮಸ್ಕಾರ. ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದ ಮೇಲೆ ಗಂಗಾವತಿಯ ಒಬ್ಬ ಗುತ್ತಿಗೆದಾರರ ಕೈಕೆಳಗೆ ಬಹಳ ವರ್ಷ ಕೆಲಸ ಮಾಡಿದೆ. ಈಗ ವಿದ್ಯುತ್ ಪರಿವೀಕ್ಷಣಾಲಯದಿಂದ ನನ್ನ ಹೆಸರಿಗೆ ಗುತ್ತಿಗೆದಾರರ ಲೈಸೆನ್ಸ್ ಬಂದಿದೆ. ಜೊತೆಗೆ ಒಬ್ಬ ವೈರ್‌ಮನ್, ಒಬ್ಬ ಹೆಲ್ಪರ್ ಇದ್ದಾರೆ.

ಕಾರಟಗಿಯಲ್ಲೇ ಎರಡು ಅಂತಸ್ತಿನ ಒಂದು ಮನೆ ಕೆಲಸ ಬಂದಿದೆ. ಕೆಳಗೆ 1,200 ಚದರಡಿ, ಮೇಲೆ ಸ್ವಲ್ಪ ಕಡಿಮೆ. ಮಾಲೀಕರು ಕೇಳಿದ್ದು ಒಂದೇ ಮಾತು, "ಪಾಯಿಂಟಿಗೆ ಎಷ್ಟಪ್ಪಾ?" ಪಾಯಿಂಟ್ ಅಂದರೆ ಒಂದೊಂದು ಲೈಟು, ಫ್ಯಾನು, ಪ್ಲಗ್ ಜಾಗ. ಬೇರೆ ಒಬ್ಬರು ಆಗಲೇ 400 ಹೇಳಿ ಹೋಗಿದ್ದಾರಂತೆ, ಲೇಬರ್ ಮಾತ್ರ. ಕೆಲಸ ಮಾಡೋದು ನನಗೆ ಗೊತ್ತು. ರೇಟ್ ಹೇಳೋದನ್ನು ಮಾತ್ರ ಯಾರೂ ಕಲಿಸಲಿಲ್ಲ. ನಮ್ಮ ಸಾವ್ಕಾರ್ರು ಅದನ್ನು ತಾವೇ ಮಾತಾಡಿ ಮುಗಿಸುತ್ತಿದ್ದರು.

ಪಾಯಿಂಟ್ ಲೆಕ್ಕ ಸರಿಯೋ, ಚದರಡಿ ಲೆಕ್ಕ ಸರಿಯೋ? ಸಾಮಾನು ನಾನೇ ತರಬೇಕಾ? ಲಾಭ ಎಷ್ಟು ಇಟ್ಟುಕೊಂಡರೆ ನ್ಯಾಯ? ಅನುಭವ ಇದ್ದವರು ದಯವಿಟ್ಟು ಬಿಡಿಸಿ ಹೇಳಿ.

ಸಿಂಧನೂರು ಗುತ್ತಿಗೆದಾರ

ತಮ್ಮಾ, ಲೈಸೆನ್ಸ್ ಬಂದಿದ್ದಕ್ಕೆ ಮೊದಲು ಅಭಿನಂದನೆ. 400 ಹೇಳಿದವರನ್ನು ಸ್ವಲ್ಪ ಹೊತ್ತು ಬದಿಗಿಡು. ನಿನ್ನ ಒಂದು ದಿನದ ಖರ್ಚು ಎಷ್ಟು ಅಂತ ಮೊದಲು ತಿಳಿದುಕೋ. ಅದು ಗೊತ್ತಿಲ್ಲದೆ ಯಾವ ರೇಟ್ ಹೇಳಿದರೂ ಕಣ್ಣು ಮುಚ್ಚಿ ಹೇಳಿದ ಹಾಗೆ.

ಲೆಕ್ಕಕ್ಕೆ ಅಂತ ಅಂಕಿ ಇಡುತ್ತೇನೆ, ನಿನ್ನ ಊರಿನ ಪಗಾರ ಹಾಕಿ ತಿದ್ದಿಕೋ. ನಿನ್ನ ಪಗಾರ 1,000, ವೈರ್‌ಮನ್‌ಗೆ 800, ಹೆಲ್ಪರ್‌ಗೆ 600. ಒಟ್ಟು ದಿನಕ್ಕೆ 2,400. ನಿನ್ನ ಪಗಾರವನ್ನು ಬಿಡಬೇಡ. ಹೊಸಬರು ಬಹಳ ಜನ "ಉಳಿದದ್ದೇ ನನ್ನದು" ಅನ್ನುತ್ತಾರೆ. ನೀನು ಜ್ವರ ಬಂದು ಮಲಗಿದರೆ ನಿನ್ನ ಜಾಗಕ್ಕೆ ಇನ್ನೊಬ್ಬರನ್ನು ಕರೆಯಬೇಕು, ಅವರಿಗೆ ಪಗಾರ ಕೊಡಲೇಬೇಕು ಅಲ್ವಾ? ಕೈಯಿಂದ ದುಡಿದದ್ದಕ್ಕೆ ಪಗಾರ ಬೇರೆ, ಗುತ್ತಿಗೆಯ ಜವಾಬ್ದಾರಿ ಹೊತ್ತದ್ದಕ್ಕೆ ಲಾಭ ಬೇರೆ.

ಇನ್ನು ತಿಂಗಳ ಖರ್ಚು. ಗಾಡಿ ಪೆಟ್ರೋಲ್ 4,000. ಸಾಮಾನು ಇಡಲು ಒಂದು ರೂಮಿನ ಬಾಡಿಗೆ 3,000. ಹುಡುಗರ ಚಹಾ ನಾಷ್ಟಾ 3,000. ಕಟರ್ ಬ್ಲೇಡ್, ಡ್ರಿಲ್ ಬಿಟ್, ಮಷಿನ್ ರಿಪೇರಿ 2,000. ಫೋನು, ಲೈಸೆನ್ಸ್ ನವೀಕರಣ, ಲೆಕ್ಕ ಬರೆಯುವವರ ಫೀ, ಅಪಘಾತ ವಿಮೆ ಎಲ್ಲ ಸೇರಿ 2,000. ಒಟ್ಟು 14,000. ಇದನ್ನು 26 ದಿನಕ್ಕೆ ಹಂಚಬೇಡ. ಗೌಂಡಿ ಪ್ಲಾಸ್ಟರ್ ಮುಗಿಸಿಲ್ಲ ಅಂತ ಒಂದು ದಿನ ಹೋಗುತ್ತದೆ. ಹೊಸ ಕೆಲಸ ನೋಡಲು ಒಂದು ದಿನ, ರೊಕ್ಕ ಕೇಳಲು ಒಂದು ದಿನ. ದುಡಿಮೆಯ ದಿನ 20 ಸಿಕ್ಕರೆ ದೊಡ್ಡದು. 14,000 ಭಾಗ 20 ಅಂದರೆ 700. ಅಲ್ಲಿಗೆ ನಿನ್ನ ಒಂದು ದಿನದ ಅಸಲು 3,100.

ಈಗ ಮನೆಯನ್ನು ದಿನಗಳಲ್ಲಿ ಅಳೆ. ಎರಡು ಸ್ಲ್ಯಾಬ್ ಪೈಪಿಂಗ್ 2 ದಿನ. ಗೋಡೆ ಕಟಿಂಗ್, ಪೈಪು, ಬಾಕ್ಸ್ 6 ದಿನ. ವೈರ್ ಎಳೆಯಲು 4. ಸ್ವಿಚ್, ಡಿಬಿ (ಮನೆಯ ಎಲ್ಲ ಲೈನ್ ಹಂಚುವ ಬೋರ್ಡ್) ಫಿಟಿಂಗ್ 4. ಟೆಸ್ಟಿಂಗ್, ಮೀಟರ್ ಬೋರ್ಡ್ 2. ಒಟ್ಟು 18. ಮೂರು ಜನ 18 ದಿನ ಅಂದರೆ 55,800 ಅಸಲು. ಇದರಲ್ಲಿ ಲಾಭ ಒಂದು ಪೈಸೆ ಇಲ್ಲ.

ಲಾಭ ಸೇರಿಸುವಾಗ ಒಂದು ಕಡೆ ಬಹಳ ಜನ ಜಾರುತ್ತಾರೆ. ಬಿಲ್ಲಿನಲ್ಲಿ ನೂರಕ್ಕೆ 20 ಉಳಿಯಬೇಕು ಅಂತ ಅಸಲಿಗೆ 20% ಸೇರಿಸುತ್ತಾರೆ. 55,800ಕ್ಕೆ 20% ಸೇರಿಸಿದರೆ 66,960. ಅದರಲ್ಲಿ ಉಳಿದದ್ದು 11,160. ಬಿಲ್ಲಿನ ಲೆಕ್ಕದಲ್ಲಿ ಅದು 16.67% ಮಾತ್ರ. 20% ಉಳಿಯಬೇಕಾದರೆ ಅಸಲನ್ನು 0.8ರಿಂದ ಭಾಗಿಸು. 69,750 ಬರುತ್ತದೆ. ಮನೆಯಲ್ಲಿ 120 ಪಾಯಿಂಟ್ ಇದೆ ಅಂದುಕೋ, ಪಾಯಿಂಟಿಗೆ 580ರ ಹತ್ತಿರ. ಮಾಲೀಕರಿಗೆ ಪಾಯಿಂಟ್ ರೇಟೇ ಹೇಳು, ಅವರಿಗೆ ಅದೇ ತಿಳಿಯುವುದು. ಆದರೆ ಅದು ನಿನ್ನ ದಿನದ ಲೆಕ್ಕದಿಂದ ಇಳಿದು ಬಂದಿರಬೇಕು. 120 ಪಾಯಿಂಟಿಗೆ 400ರಂತೆ 48,000. ಈ ಲೆಕ್ಕದ ಪ್ರಕಾರ ಅದು ಅಸಲಿಗಿಂತ 7,800 ಕಡಿಮೆ.

ಕಾರಟಗಿ ವೈರ್‌ಮನ್

ಅಣ್ಣಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಬಹಳ ಉಪಕಾರ. ಹಾಗಾದರೆ 400 ಹೇಳಿದವರು ಹೇಗೆ ಬದುಕುತ್ತಾರೆ? ಅವರ ಹುಡುಗರಿಗೂ ಪಗಾರ ಕೊಡಬೇಕಲ್ಲ?

ರಾಯಚೂರು ಎಲೆಕ್ಟ್ರಿಕಲ್ಸ್ ಕೌಂಟರ್

ಇದಕ್ಕೆ ನಾನು ಹೇಳುತ್ತೇನೆ. ಕೌಂಟರಿನ ಈಚೆ ಕೂತವನು ನಾನು.

ಕೆಲವರು ಲೇಬರ್ ರೇಟನ್ನು ಕಡಿಮೆ ಹೇಳಿ, ಅಂಗಡಿಯಿಂದ ಕಮಿಷನ್ ತೆಗೆದುಕೊಳ್ಳುತ್ತಾರೆ. ಮಾಲೀಕರು ಅಂಗಡಿಗೆ ಬಂದು ರೊಕ್ಕ ಕಟ್ಟುತ್ತಾರೆ, ಸಂಜೆ ಎಲೆಕ್ಟ್ರಿಷಿಯನ್ ಬಂದು ತನ್ನ ಪಾಲು ಇಸಿದುಕೊಂಡು ಹೋಗುತ್ತಾರೆ. ಆ ಕಮಿಷನ್ ಎಲ್ಲಿಂದ ಬಂತು? ಮಾಲೀಕರಿಗೆ ಸಿಗಬೇಕಾಗಿದ್ದ ಡಿಸ್ಕೌಂಟಿನಿಂದ. ವೈರಿನ ಕಾಯಿಲ್ ಮೇಲೆ ಬರೆದ ಬೆಲೆಗೂ ಅಂಗಡಿಯ ಬೆಲೆಗೂ ದೊಡ್ಡ ಅಂತರ ಇರುತ್ತದೆ. ಆಟ ನಡೆಯುವುದೆಲ್ಲ ಅದರೊಳಗೆ. ಬೇಕಾದ್ದಕ್ಕಿಂತ ನಾಲ್ಕು ಕಾಯಿಲ್ ಜಾಸ್ತಿ ಬರೆಸುವವರೂ ಇದ್ದಾರೆ.

ಇನ್ನೊಂದು ದಾರಿ ಇನ್ನೂ ಕೆಟ್ಟದ್ದು. ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ಥ್ ವೈರನ್ನೇ ಎಳೆಯುವುದಿಲ್ಲ. 2.5 ಸ್ಕ್ವೇರ್ ಎಂಎಂ ದಪ್ಪದ ವೈರ್ ಹಾಕಬೇಕಾದಲ್ಲಿ 1.5 ಹಾಕುತ್ತಾರೆ. ಗೋಡೆಯೊಳಗೆ ಹೋದ ಮೇಲೆ ಯಾರು ನೋಡುತ್ತಾರೆ? ನಮ್ಮ ರಾಯಚೂರಿನ ಬೇಸಿಗೆಯಲ್ಲಿ ಇದು ಸುಮ್ನೆ ಬಿಡುವ ಮಾತಲ್ಲ. ಪಿವಿಸಿ ವೈರ್ ಎಷ್ಟು ಕರೆಂಟ್ ತಾಳುತ್ತದೆ ಅನ್ನುವ ನಮ್ಮ ಪಟ್ಟಿ 40 ಡಿಗ್ರಿ ಬಿಸಿಗೆ ಮಾಡಿದ್ದು. ಸುತ್ತಲಿನ ಬಿಸಿ 50 ಆದರೆ ಆ ಶಕ್ತಿ ಸುಮಾರು ಶೇ. 82ಕ್ಕೆ ಇಳಿಯುತ್ತದೆ. ಬಿಸಿಲಿಗೆ ಕಾದ ತಾರಸಿಯೊಳಗಿನ ಪೈಪಿನಲ್ಲಿ ಆ ಬಿಸಿ ಬರುವುದು ಕಷ್ಟವಲ್ಲ. ಎಸಿ, ಗೀಸರ್ ಲೈನಿಗೆ ಸಣ್ಣ ವೈರ್ ಹಾಕಿದರೆ ಮೊದಲು ಸುಡುವುದು ಅಲ್ಲೇ.

ಸಾಮಾನಿನ ಬಗ್ಗೆ ನನ್ನ ಸಲಹೆ ಇಷ್ಟು. ಶುರುವಿನಲ್ಲಿ ಮಾಲೀಕರೇ ಕೊಳ್ಳಲಿ. ಪಟ್ಟಿಯನ್ನು ನೀನು ಬರೆದುಕೊಡು, ಬಿಲ್ ಅವರ ಹೆಸರಿನಲ್ಲೇ ಆಗಲಿ. ಕಮಿಷನ್ ತೆಗೆದುಕೊಳ್ಳುವುದಿಲ್ಲ ಅಂತ ಮುಖ ನೋಡಿ ಹೇಳು. ಅದರ ಬದಲು ನಿನ್ನ ಲೇಬರ್ ರೇಟನ್ನು ಧೈರ್ಯವಾಗಿ ಪೂರ್ತಿ ಕೇಳು. ಸಾಮಾನು ಸಮೇತ ಒಪ್ಪಿಕೊಂಡರೆ ಕೊಟೇಷನ್ ಕೆಳಗೆ "ಈ ದರ 15 ದಿನ ಮಾತ್ರ" ಅಂತ ಬರಿ. ತಾಮ್ರದ ಬೆಲೆ ಏರಿದ ಹಾಗೆ ವೈರಿನ ಬೆಲೆ ಏರುತ್ತದೆ. ಸ್ಲ್ಯಾಬ್ ಹಾಕುವಾಗ ಹೇಳಿದ ರೇಟಿಗೆ ಐದು ತಿಂಗಳ ಮೇಲೆ ವೈರ್ ತರಲು ಆಗುವುದಿಲ್ಲ.

ಬಳ್ಳಾರಿ ಪ್ಯಾನೆಲ್ ಬೋರ್ಡ್

ಚದರಡಿ ಲೆಕ್ಕದ ಬಗ್ಗೆ ಯಾರೂ ಹೇಳಲಿಲ್ಲ. ನಾನು ಅದನ್ನು ಒಪ್ಪುವುದಿಲ್ಲ. ಒಂದೇ 1,200 ಚದರಡಿ ಮನೆಯಲ್ಲಿ ಒಬ್ಬರಿಗೆ 80 ಪಾಯಿಂಟ್ ಸಾಕು. ಇನ್ನೊಬ್ಬರಿಗೆ ಫಾಲ್ಸ್ ಸೀಲಿಂಗ್ ಲೈಟು, ಹಾಸಿಗೆಯ ಎರಡೂ ಕಡೆ ಟೂ ವೇ (ಒಂದೇ ಲೈಟಿಗೆ ಎರಡು ಕಡೆ ಸ್ವಿಚ್), ಕ್ಯಾಮೆರಾ, ಇಂಟರ್ನೆಟ್ ಕೇಬಲ್ ಎಲ್ಲ ಬೇಕು. ಎರಡಕ್ಕೂ ಒಂದೇ ರೇಟ್ ಹೇಗೆ ಆಗುತ್ತದೆ?

ಬಳ್ಳಾರಿಯಲ್ಲಿ ನಾವು ಜೀನ್ಸ್ ಹೊಲಿಗೆ ಯೂನಿಟ್‌ಗಳ ಕೆಲಸ ಮಾಡುತ್ತೇವೆ. ಅಲ್ಲಿ ಚದರಡಿಗಿಂತ ಮಷಿನ್ ಎಣಿಕೆಯೇ ಮುಖ್ಯ. ಸಾಲು ಸಾಲು ಮಷಿನ್, ಪ್ರತಿಯೊಂದರ ತಲೆಯ ಮೇಲೆ ಲೈಟು, ನಾಳೆ ಸಾಲು ಬದಲಾದರೂ ನಡೆಯುವ ಹಾಗೆ ಟ್ರಂಕಿಂಗ್, ಅಂದರೆ ವೈರ್ ಹಾಯಿಸುವ ಮುಚ್ಚಳದ ಡಬ್ಬಿ ಸಾಲು. ವಾಷಿಂಗ್ ಯೂನಿಟ್ ಆದರೆ ಕಥೆಯೇ ಬೇರೆ. ನೀರು, ಆವಿ, ರಾಸಾಯನಿಕ. ಮಾಮೂಲಿ ಬಾಕ್ಸ್ ಬೇಗ ತುಕ್ಕು ಹಿಡಿಯುತ್ತದೆ. ನೀರು ಒಳಗೆ ಹೋಗದ ಐಪಿ 65 ಪ್ಯಾನೆಲ್ಲೇ ಬೇಕು. ಅಂಥ ಜಾಗಕ್ಕೆ ಫೋನಿನಲ್ಲಿ ರೇಟ್ ಹೇಳಲೇಬಾರದು. ಹೋಗಿ ನಿಂತು ನೋಡಿ, ಅಳೆದು ಹೇಳಬೇಕು.

ಕುಷ್ಟಗಿ ಅರ್ಥಿಂಗ್

ಸಿಂಧನೂರಿನ ಅಣ್ಣನವರ ಲೆಕ್ಕ ಚೆನ್ನಾಗಿದೆ. ಅರ್ಥಿಂಗನ್ನು, ಅಂದರೆ ಅರ್ಥ್ ವೈರ್ ಸೇರುವ ನೆಲದ ಗುಂಡಿಯ ಕೆಲಸವನ್ನು, ಅದರೊಳಗೆ ಸೇರಿಸಿಲ್ಲ, ಅದೂ ಸರಿಯೇ. ನನ್ನ ಮನವಿ ಒಂದೇ. ಅರ್ಥಿಂಗನ್ನು ಯಾವಾಗಲೂ ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ. "ಅರ್ಥಿಂಗ್ ಫ್ರೀ" ಅಂತ ಮಾತ್ರ ಹೇಳಬೇಡಿ.

ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರು ಜಿಲ್ಲೆಯ ನೆಲ ಒಂದೇ ಥರ ಇಲ್ಲ. ಸಿಂಧನೂರು, ರಾಯಚೂರು ಕಡೆಯ ಎರೆ ನೆಲದಲ್ಲಿ ಗುಂಡಿ ತೋಡುವುದು ಸುಲಭ. ತೇವ ಇದ್ದಾಗ ಅರ್ಥ್ ರೀಡಿಂಗ್ ಚೆನ್ನಾಗಿ ಬರುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಕುಗ್ಗಿ ಬಿರುಕು ಬಿಡುತ್ತದೆ. ಆಗ ಗುಂಡಿಯ ಅರ್ಥ್ ಪೈಪಿಗೂ ಮಣ್ಣಿಗೂ ಹಿಡಿತ ತಪ್ಪುತ್ತದೆ. ಅದಕ್ಕೇ ಆಳ ಜಾಸ್ತಿ ಬೇಕು, ನೀರು ಹಾಕುವ ಫನಲ್ ಬೇಕು. ಕೊಪ್ಪಳ, ಆನೆಗೊಂದಿ ಕಡೆ ಕಲ್ಲು ನೆಲ. ಎರಡು ಅಡಿ ಹೋದರೆ ಬಂಡೆ ಸಿಗಬಹುದು. ಡ್ರಿಲ್ಲಿಂಗ್ ಗಾಡಿ ತರಿಸಬೇಕಾಗುತ್ತದೆ, ಒಂದರ ಬದಲು ಎರಡು ಗುಂಡಿ ಬೇಕಾಗಬಹುದು. ಆನೆಗೊಂದಿಯಲ್ಲಿ ಒಂದು ಹೋಂಸ್ಟೇ ಕೆಲಸದಲ್ಲಿ ವೈರಿಂಗಿಗಿಂತ ಅರ್ಥಿಂಗಿಗೇ ನಮ್ಮ ಬೆವರು ಜಾಸ್ತಿ ಹೋಯಿತು. ಬೇರೆ ಸಾಲಿನಲ್ಲಿ ಬರೆದಿದ್ದಕ್ಕೆ ಮಾಲೀಕರು ತಕರಾರು ಮಾಡದೆ ಕೊಟ್ಟರು.

ನಾನು ಬರೆಯುವುದು ಹೀಗೆ: "ಮಣ್ಣು ನೆಲದಲ್ಲಿ ಒಂದು ಗುಂಡಿಗೆ ಇಷ್ಟು. ಬಂಡೆ ಸಿಕ್ಕರೆ ಡ್ರಿಲ್ಲಿಂಗ್ ಖರ್ಚು ಬೇರೆ." ಕೆಲಸ ಆದ ಮೇಲೆ ಅರ್ಥ್ ಟೆಸ್ಟರ್ ಹಚ್ಚಿ, ಬಂದ ಓಮ್ಸ್ ಎಷ್ಟು ಅಂತ ಬಿಲ್ಲಿನ ಮೇಲೆ ಬರೆದುಕೊಡುತ್ತೇನೆ. ಐಎಸ್ 3043 ಅಂತ ಅರ್ಥಿಂಗಿಗೇ ಒಂದು ಭಾರತೀಯ ಮಾನಕ ಇದೆ, ಒಮ್ಮೆ ಓದಿ. ಮನೆಯವರ ಜೀವ ಉಳಿಸುವುದು ಈ ಗುಂಡಿ, ಅರ್ಥ್ ವೈರ್, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ. ಈ ಮೂರರಲ್ಲಿ ಚೌಕಾಸಿ ಬೇಡವೇ ಬೇಡ.

ಕೊಪ್ಪಳ ಮನೆ ಕಟ್ಟಿಸಿದವರು

ನಾನು ನಿಮ್ಮ ಕಸುಬಿನವಳಲ್ಲ. ಹೋದ ವರ್ಷ ಮನೆ ಕಟ್ಟಿಸಿದೆವು, ಮಾಲೀಕರ ಕಡೆಯಿಂದ ಹೇಳಬಹುದು ಅನ್ನಿಸಿತು.

ನಮ್ಮ ಮುಂದೆ ಮೂರು ರೇಟ್ ಇದ್ದವು. ನಾವು ಆರಿಸಿದ್ದು ನಡುವಿನದನ್ನೂ ಅಲ್ಲ, ಕಡಿಮೆಯದನ್ನೂ ಅಲ್ಲ, ಎಲ್ಲಕ್ಕಿಂತ ಜಾಸ್ತಿಯದನ್ನು. ಕಾರಣ ಇಷ್ಟೇ. ಉಳಿದಿಬ್ಬರು ಬಾಯಲ್ಲಿ ಹೇಳಿದರು. ಆ ಒಬ್ಬರು ಮನೆಯ ನಕ್ಷೆ ಹಿಡಿದು ರೂಮು ರೂಮಿಗೆ ಬಂದು, ಫ್ರಿಜ್ ಎಲ್ಲಿ, ಮಿಕ್ಸಿ ಎಲ್ಲಿ, ಇನ್ವರ್ಟರ್ ಎಲ್ಲಿ ಅಂತ ನನ್ನನ್ನು ಕೇಳಿ ಬರೆದುಕೊಂಡರು. ಯಾವ ಲೈನಿಗೆ ಎಷ್ಟು ದಪ್ಪದ ವೈರ್ ಅಂತ ಹಾಳೆಯಲ್ಲಿ ಇತ್ತು. ಪ್ಲಾಸ್ಟರ್ ಆಗುವ ಮೊದಲು ಪ್ರತಿ ಗೋಡೆಯ ಫೋಟೋ ತೆಗೆದು ನಮಗೆ ಕಳಿಸಿದರು. ಈಗ ಗೋಡೆಗೆ ಮೊಳೆ ಹೊಡೆಯುವಾಗಲೂ ಆ ಫೋಟೋ ನೋಡಿಕೊಳ್ಳುತ್ತೇವೆ.

ಜನ ಕಡಿಮೆ ರೇಟನ್ನೇ ನೋಡುತ್ತಾರೆ ಅನ್ನಬೇಡಿ. ಬೇರೆ ಏನನ್ನೂ ತೋರಿಸದಿದ್ದರೆ ರೇಟನ್ನೇ ನೋಡುತ್ತಾರೆ, ಇನ್ನೇನು ಮಾಡಬೇಕು?

ಕಾರಟಗಿ ವೈರ್‌ಮನ್

ಅಕ್ಕಾ, ನಿಮ್ಮ ಮಾತು ಬಹಳ ಧೈರ್ಯ ಕೊಟ್ಟಿತು. ನಾಳೆಯೇ ನಕ್ಷೆ ಇಸಿದುಕೊಂಡು ಹೋಗುತ್ತೇನೆ.

ಜಿಎಸ್‌ಟಿ ಬಗ್ಗೆ ಯಾರಾದರೂ ಹೇಳುತ್ತೀರಾ? ಶುರುವಿಗೇ ನೋಂದಣಿ ಬೇಕಾ?

ಬಳ್ಳಾರಿ ಲೆಕ್ಕಪತ್ರ

ವೈರಿಂಗ್ ಗುತ್ತಿಗೆಯನ್ನು ಜಿಎಸ್‌ಟಿಯಲ್ಲಿ ಸೇವೆ ಅಂತ ನೋಡುತ್ತಾರೆ. ಹಾಗಾಗಿ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. 40 ಲಕ್ಷ ಅಂತ ಯಾರೋ ಹೇಳಿದರೆ ನಂಬಬೇಡಿ, ಅದು ಬರೀ ಸರಕು ಮಾರುವವರಿಗೆ. ಮುಖ್ಯವಾದ ಮಾತು ಏನಂದರೆ, ಸಾಮಾನು ನಿಮ್ಮ ಹೆಸರಿನಲ್ಲಿ ಕೊಂಡು ಬಿಲ್ಲಿನಲ್ಲಿ ಸೇರಿಸಿದರೆ ಅದೂ ವಹಿವಾಟಿಗೆ ಸೇರುತ್ತದೆ. ಲೇಬರ್ ಮಾತ್ರ ಆದರೆ 20 ಲಕ್ಷ ಮುಟ್ಟಲು ಸಮಯ ಬೇಕು. ಸಾಮಾನು ಸಮೇತ ಆದರೆ ಕೆಲವೇ ದೊಡ್ಡ ಮನೆಗಳಲ್ಲಿ ಮುಟ್ಟುತ್ತೀರಿ.

ನೋಂದಣಿ ಆದ ಮೇಲೆ ಮಾಮೂಲಿ ದರ 18%. ಇದನ್ನು ರೇಟಿನ ಮೇಲೆ ಬೇರೆಯಾಗಿ ತೋರಿಸಿ. "ಎಲ್ಲ ಸೇರಿ" ಅಂತ ಬಾಯಿಮಾತಿಗೆ ಒಪ್ಪಿಕೊಂಡರೆ ತೆರಿಗೆ ನಿಮ್ಮ ಲಾಭದಿಂದಲೇ ಹೋಗುತ್ತದೆ. ಸೇವೆ ಕೊಡುವವರಿಗೆ 50 ಲಕ್ಷದವರೆಗೆ 6% ಕಟ್ಟುವ ಕಾಂಪೊಸಿಷನ್ ದಾರಿಯೂ ಇದೆ. ಆಗ ಗ್ರಾಹಕರಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಸಾಮಾನಿನ ಮೇಲೆ ಕಟ್ಟಿದ ತೆರಿಗೆಯೂ ವಾಪಸ್ ಸಿಗುವುದಿಲ್ಲ.

ಕಂಪನಿ, ಮಿಲ್ ಕೆಲಸ ಮಾಡಿದರೆ ಬಿಲ್ಲಿನಲ್ಲಿ 1% ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುತ್ತಾರೆ, ನಿಮ್ಮದು ಒಬ್ಬರದೇ ಉದ್ಯಮ ಆದರೆ. ಒಂದು ಬಿಲ್ 30,000 ದಾಟಿದಾಗ, ಇಲ್ಲವೇ ವರ್ಷಕ್ಕೆ 1 ಲಕ್ಷ ದಾಟಿದಾಗ. ಅದು ಕಳೆದುಹೋದ ರೊಕ್ಕ ಅಲ್ಲ. ರಿಟರ್ನ್ ಹಾಕಿದರೆ ನಿಮ್ಮ ತೆರಿಗೆಗೆ ಹೊಂದುತ್ತದೆ, ಜಾಸ್ತಿ ಇದ್ದರೆ ವಾಪಸ್ ಬರುತ್ತದೆ. ಪ್ಯಾನ್ ಕೊಡದಿದ್ದರೆ 20% ಹಿಡಿಯುತ್ತಾರೆ, ಅದನ್ನು ಮರೆಯಬೇಡಿ.

ಗಂಗಾವತಿ ಮೋಟಾರ್

ಮನೆ ಕೆಲಸದ ಜೊತೆಗೆ ರೈಸ್ ಮಿಲ್ ಕೆಲಸ ಬಂದರೆ ಪಾಯಿಂಟ್ ಲೆಕ್ಕವನ್ನು ಮರೆತುಬಿಡು ತಮ್ಮಾ. ಮಿಲ್ಲಿನಲ್ಲಿ ಧೂಳು, ಹೊಟ್ಟು, ದೊಡ್ಡ ಮೋಟಾರು, ಸ್ಟಾರ್ಟರ್, ಕೆಪಾಸಿಟರ್ ಪ್ಯಾನೆಲ್. ಸೀಸನ್ನಿನಲ್ಲಿ ಮಿಲ್ ನಿಲ್ಲಿಸಲು ಅವರು ಒಪ್ಪುವುದಿಲ್ಲ, ನಿಲ್ಲಿಸಿದರೆ ರಾತ್ರಿ ನಾಲ್ಕು ತಾಸು. ರಾತ್ರಿ ಕೆಲಸಕ್ಕೆ ರಾತ್ರಿ ಪಗಾರ ಹಾಕಿ ಲೆಕ್ಕ ಮಾಡು. ರಿಪೇರಿಗೆ ಕರೆದರೆ ಬಂದು ನೋಡಿದ್ದಕ್ಕೇ ಇಷ್ಟು ಅಂತ ಮೊದಲೇ ಹೇಳು. ಹೋಗಿ ಒಂದು ಲೂಸ್ ತಂತಿ ಬಿಗಿ ಮಾಡಿದರೂ ನಿನ್ನ ಅರ್ಧ ದಿನ ಹೋಗಿರುತ್ತದೆ.

ಸಿಂಧನೂರು ಗುತ್ತಿಗೆದಾರ

ರೇಟ್ ಎಷ್ಟು ಸರಿ ಇದ್ದರೂ ರೊಕ್ಕ ಕೈಗೆ ಬರದಿದ್ದರೆ ಉಪಯೋಗ ಇಲ್ಲ. ಇದನ್ನು ಮನಸ್ಸಿಟ್ಟು ಓದು, ನನಗೆ ರೇಟಿಗಿಂತ ಇದೇ ಮುಖ್ಯ.

ನಮ್ಮ ಕಡೆ ರೊಕ್ಕ ಓಡಾಡುವುದು ಕಾಲುವೆ ನೀರಿನ ಹಿಂದೆ. ಭತ್ತ ಮಾರಿದ ಮೇಲೆ ಕೊಡುತ್ತೇವೆ ಅನ್ನುತ್ತಾರೆ. ಅದು ಸುಳ್ಳಲ್ಲ, ಅವರ ಕೈಗೂ ಆಗಲೇ ರೊಕ್ಕ ಬರುವುದು. ಆದರೆ ನಿನ್ನ ಹುಡುಗರಿಗೆ ಶನಿವಾರವೇ ಪಗಾರ ಬೇಕು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ನಮ್ಮ ಹತ್ತಿರ ಮಾತಾಗಿದ್ದ ಮನೆಗಳವರು "ಡ್ಯಾಮಿನಲ್ಲಿ ನೀರು ನಿಂತಮೇಲೆ ನೋಡೋಣ" ಅಂತ ಕೆಲಸ ಮುಂದಕ್ಕೆ ಹಾಕಿದರು. ಅಂಥ ಹೊತ್ತಿಗೆ ಎರಡು ತಿಂಗಳ ಪಗಾರದಷ್ಟು ರೊಕ್ಕ ಬೇರೆ ತೆಗೆದಿಟ್ಟಿದ್ದರೆ ಹುಡುಗರನ್ನು ಬಿಡಬೇಕಾಗಿಲ್ಲ. ಆ ರೊಕ್ಕವೂ ಲಾಭದಿಂದಲೇ ಬರಬೇಕು. 20% ಕೇಳಲು ನಾಚಿಕೆ ಬೇಡ ಅನ್ನುವುದು ಅದಕ್ಕೇ.

ಹಂತ ಹಂತವಾಗಿ ತೆಗೆದುಕೋ. ಮಾತು ಆದಾಗ ಮುಂಗಡ 10%. ಸ್ಲ್ಯಾಬ್ ಪೈಪಿಂಗ್ ಮುಗಿದ ದಿನ 15%. ಗೋಡೆ ಕಟಿಂಗ್, ಬಾಕ್ಸ್ ಆದ ಮೇಲೆ 30%. ವೈರ್ ಎಳೆದ ಮೇಲೆ 25%. ಸ್ವಿಚ್ ಫಿಟಿಂಗ್ ಆಗಿ ಟೆಸ್ಟ್ ಮಾಡಿ ತೋರಿಸಿದ ದಿನ ಉಳಿದ 20%. ಒಂದು ಹಂತದ ರೊಕ್ಕ ಬಂದ ಮೇಲೆಯೇ ಮುಂದಿನ ಹಂತಕ್ಕೆ ಕೈ ಹಾಕು. ಪ್ಲಾಸ್ಟರ್ ಆಗುವ ಮೊದಲು ಗೋಡೆಯ ರೊಕ್ಕ ಇಸಿದುಕೋ. ಆಮೇಲೆ ಅವರ ಗಮನ ಟೈಲ್ಸ್ ಕಡೆ ಹೋಗುತ್ತದೆ.

ಕೊನೆಯ ಕಂತನ್ನು "ಮೀಟರ್ ಬಂದ ಮೇಲೆ" ಅಂತ ಬರೆಯಬೇಡ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, 2025ರಲ್ಲಿ ಸ್ವಾಧೀನಾನುಭವ ಪತ್ರ (ಓಸಿ) ಇಲ್ಲದ ಎಷ್ಟೋ ಹೊಸ ಕಟ್ಟಡಗಳಿಗೆ ಸಂಪರ್ಕ ಸಿಗದೆ ಜನ ಪರದಾಡಿದರು. ಸಣ್ಣ ಮನೆಗಳಿಗೆ ಸರ್ಕಾರ ಆಮೇಲೆ ವಿನಾಯಿತಿ ಕೊಟ್ಟಿತು, ಆದರೂ ಕಾಗದಪತ್ರ ಮಾಲೀಕರ ಕೈಯಲ್ಲಿದೆ, ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂ ಕೈಯಲ್ಲಿದೆ. ನಿನ್ನ ಕೈಯಲ್ಲಿ ಇರುವುದು ವೈರಿಂಗ್ ಮತ್ತು ಟೆಸ್ಟ್ ರಿಪೋರ್ಟ್. ನಿನ್ನ ರೊಕ್ಕ ಆ ಎರಡಕ್ಕೇ ಕಟ್ಟಿಕೊಂಡಿರಲಿ. ಟೆಸ್ಟ್ ರಿಪೋರ್ಟಿಗೆ ಸಹಿ ಹಾಕಿ ಕೊಡುವ ಕೆಲಸಕ್ಕೂ ಬೆಲೆ ಇದೆ. ನಿನ್ನ ಲೈಸೆನ್ಸ್ ನಂಬರ್ ಅದರ ಮೇಲೆ ಇರುತ್ತದೆ, ನಾಳೆ ಏನಾದರೂ ಆದರೆ ಉತ್ತರ ಕೊಡಬೇಕಾದವನು ನೀನು. ಬೇರೆಯವರು ಮಾಡಿದ ವೈರಿಂಗಿಗೆ ಸುಮ್ನೆ ಸಹಿ ಹಾಕಿಕೊಡು ಅಂತ ಯಾರಾದರೂ ಬಂದರೆ ಎಷ್ಟೇ ಕೊಟ್ಟರೂ ಹಾಕಬೇಡ.

ಕಾರಟಗಿ ವೈರ್‌ಮನ್

ಮಾಲೀಕರ ಜೊತೆ ಕೂತು ಎಣಿಸಿದೆ. 120 ಅಂದುಕೊಂಡಿದ್ದು 134 ಆಯಿತು. ಎಲ್ಲರ ಮಾತು ಸೇರಿಸಿ ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ಹೇಳಿ.

ಲೇಬರ್ ಮಾತ್ರ, 134 ಪಾಯಿಂಟ್, ತಲಾ 580, ಒಟ್ಟು 77,720. ಎರಡು ಎಸಿ ಲೈನ್ ಬೇರೆ ದರ, 4 ಸ್ಕ್ವೇರ್ ಎಂಎಂ. ಅರ್ಥಿಂಗ್ ಬೇರೆ ಸಾಲು. ಸಾಮಾನು ಮಾಲೀಕರದು, ಪಟ್ಟಿ ನನ್ನದು, ಕಮಿಷನ್ ಇಲ್ಲ. ಫೋಟೋ ಕೊಡುತ್ತೇನೆ. ಹಣ ಐದು ಹಂತ.

ಬಳ್ಳಾರಿ ಪ್ಯಾನೆಲ್ ಬೋರ್ಡ್

ಚೆನ್ನಾಗಿದೆ. ಎರಡು ಸಾಲು ಸೇರಿಸಿ. ಒಂದು, ಯಾವುದನ್ನು ಪಾಯಿಂಟ್ ಅಂತ ಎಣಿಸಿದ್ದೀರಿ ಅಂತ ಬರೆಯಿರಿ. ಮೆಟ್ಟಿಲಿನ ಟೂ ವೇ ಲೈಟು ಒಂದೋ ಎರಡೋ, ಅದೇ ಬೋರ್ಡಿನಲ್ಲಿರುವ ಪ್ಲಗ್ ಎಣಿಕೆಗೆ ಬರುತ್ತದೋ ಇಲ್ಲವೋ, ಎಲ್ಲ ಈಗಲೇ ಆಗಲಿ. ಎರಡು, ಗೋಡೆ ಕಟಿಂಗ್ ಆದ ಮೇಲೆ ಬೋರ್ಡಿನ ಜಾಗ ಬದಲಾಯಿಸಿದರೆ ಪ್ರತಿಯೊಂದಕ್ಕೂ ಇಷ್ಟು ಅಂತ ದರ ಹಾಕಿ. ಟಿವಿ ಜಾಗ ಬದಲಾಗದ ಮನೆಯನ್ನು ನಾನಂತೂ ನೋಡಿಲ್ಲ.

ಸಿಂಧನೂರು ಗುತ್ತಿಗೆದಾರ

14 ಪಾಯಿಂಟ್ ಜಾಸ್ತಿ ಆದರೆ ದಿನವೂ ಎರಡು ಜಾಸ್ತಿ ಆಗುತ್ತದೆ, 18ರ ಜಾಗದಲ್ಲಿ 20. 62,000 ಅಸಲು, 0.8ರಿಂದ ಭಾಗಿಸಿದರೆ 77,500. ನಿನ್ನ 77,720 ಸರಿಯಾಗಿ ಕೂತಿದೆ. ಚೌಕಾಸಿಗೆ ಇಳಿದರೆ ರೇಟನ್ನು ಇಳಿಸಬೇಡ, ಪಾಯಿಂಟನ್ನು ಕಡಿಮೆ ಮಾಡಿಕೊಡು. ಮೇಲಿನ ಅಂತಸ್ತಿನ ಸ್ವಿಚ್ ಫಿಟಿಂಗನ್ನು ಮುಂದಿನ ಸುಗ್ಗಿಗೆ ಬಿಡಬಹುದು ಅಂತ ಹೇಳು. ಪೈಪು, ಬಾಕ್ಸು ಮಾತ್ರ ಈಗಲೇ ಆಗಿರಲಿ.

ಕಾರಟಗಿ ವೈರ್‌ಮನ್

ಆ ಎರಡು ಸಾಲು ಸೇರಿಸಿದೆ ಅಣ್ಣಾ. ಬೋರ್ಡ್ ಬದಲಾಯಿಸಿದರೆ ಒಂದಕ್ಕೆ 350 ಅಂತ ಹಾಕಿದ್ದೇನೆ. ಸೋಮವಾರ ಹಾಳೆ ಕೊಟ್ಟು ಸಹಿ ತೆಗೆದುಕೊಳ್ಳುತ್ತೇನೆ. ಮುಂದಿನ ವಾರ ಕೆಳಗಿನ ಸ್ಲ್ಯಾಬಿಗೆ ಕಬ್ಬಿಣ ಕಟ್ಟುತ್ತಾರಂತೆ.